ಆಂಜಿಯೋಪ್ಲಾಸ್ಟಿ ನಂತರದ ಎಕೋ ಪರೀಕ್ಷೆ: ಸಾರ್ವಜನಿಕರಿಗೆ ಮಾಹಿತಿ

ಆಂಜಿಯೋಪ್ಲಾಸ್ಟಿಯಿಂದ ರಕ್ತನಾಳದ ತಡೆ ನಿವಾರಣೆಯಾದರೂ, ರಕ್ತ ದೊರೆಯದೆ ದುರ್ಬಲಗೊಂಡ ಹೃದಯ ಸ್ನಾಯು ಕೂಡಲೇ ಚೇತರಿಸಿಕೊಳ್ಳುವುದಿಲ್ಲ. ಜೀವಂತ ಸ್ನಾಯುವಿನ ಚೇತರಿಕೆಗೆ ಕೆಲವು ದಿನಗಳಿಂದ ತಿಂಗಳುಗಳೇ ಬೇಕಾಗಬಹುದು. ಕಲೆಗಟ್ಟಿದ ಭಾಗ ಮರಳಿ ಸಂಕುಚಿಸುವುದಿಲ್ಲ.

ಈ ಚೇತರಿಕೆಯನ್ನು ಶ್ರವಣಾತೀತ ಧ್ವನಿತರಂಗಗಳನ್ನು ಬಳಸುವ ಎಕೋ ಪರೀಕ್ಷೆಯಿಂದ ಅಳೆಯಲಾಗುತ್ತದೆ. ಹೃದಯದ ಗೋಡೆಯ ಚಲನೆಯನ್ನೂ, ಎಡ ಹೃತ್ಕುಕ್ಷಿಯು ಪ್ರತಿ ಬಡಿತದಲ್ಲಿ ಹೊರದೂಡುವ ರಕ್ತದ ಶೇಕಡಾ ಪ್ರಮಾಣವಾದ ಇ.ಎಫ್. ಅನ್ನೂ ಇದು ತೋರಿಸುತ್ತದೆ. ಎದೆಯ ಮೇಲಿನಿಂದ ನಡೆಸುವ ಈ ಪರೀಕ್ಷೆಯಲ್ಲಿ ವಿಕಿರಣವಿರುವುದಿಲ್ಲ. ಉಪವಾಸದ ಅಗತ್ಯವೂ ಇಲ್ಲ.

ಇ.ಎಫ್. ಬಹಳ ಕಡಿಮೆಯಿದ್ದವರಿಗೆ ಸುಮಾರು 3 ತಿಂಗಳ ನಂತರ ಮರುಪರೀಕ್ಷೆ ನಡೆಸಲಾಗುತ್ತದೆ. ಔಷಧ ಸೇವಿಸಿಯೂ ಅದು ಶೇ. 35ನ್ನು ಮೀರದಿದ್ದಲ್ಲಿ, ಹಠಾತ್ ಹೃದಯ ಸ್ತಂಭನದಿಂದ ರಕ್ಷಿಸುವ ಐ.ಸಿ.ಡಿ. ಸಾಧನದ ಅಗತ್ಯವನ್ನು ತಜ್ಞರು ಪರಿಶೀಲಿಸುತ್ತಾರೆ. ಆದುದರಿಂದ ಆರೋಗ್ಯ ಸುಧಾರಿಸಿದಂತೆ ಕಂಡರೂ ಮರುಪರೀಕ್ಷೆಯನ್ನು ತಪ್ಪಿಸಬಾರದು. ಹಿಂದಿನ ಎಕೋ ವರದಿ ಹಾಗೂ ಆಸ್ಪತ್ರೆಯ ಬಿಡುಗಡೆ ಪತ್ರವನ್ನು ತಪ್ಪದೇ ತರತಕ್ಕದ್ದು.