ಉಂಡ ರಾಗಿ ಮೂಳೆಗೆ ತಲುಪದಿದ್ದಾಗ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಹೊಟ್ಟೆನೋವು ಎಂದರೆ ಮೊದಲು ಬಾಯಿಗೆ ಬರುವ ಮಾತು ‘ಗ್ಯಾಸ್ಟ್ರಿಕ್’. ಸೊಂಟನೋವು ಎಂದರೆ ‘ಮೂಳೆ ಸವೆತ’. ಮೊದಲನೆಯದಕ್ಕೆ ಮೆಡಿಕಲ್ ಸ್ಟೋರಿನ ಮಾತ್ರೆ, ಎರಡನೆಯದಕ್ಕೆ ಮುಲಾಮು. ಎರಡು ನೋವಿಗೂ ಮೂಲ ಒಂದೇ ಇರಬಹುದು ಎಂಬ ಯೋಚನೆ ಮನೆಯವರಿಗೂ ಬರುವುದಿಲ್ಲ, ಎಷ್ಟೋ ಸಲ ವೈದ್ಯರಿಗೂ ಬರುವುದಿಲ್ಲ. ಮೇದೋಜೀರಕ ಗ್ರಂಥಿಯಲ್ಲಿ, ಅಂದರೆ ಆಸ್ಪತ್ರೆಯವರು ಹೇಳುವ ಪ್ಯಾಂಕ್ರಿಯಾಸ್‌ನಲ್ಲಿ, ವರ್ಷಗಟ್ಟಲೆ ಉರಿಯೂತ ಇದ್ದವರ ಮೂಳೆಗಳು ಸದ್ದಿಲ್ಲದೆ ಟೊಳ್ಳಾಗುತ್ತವೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2014ರ ವಿಶ್ಲೇಷಣೆಯೊಂದರ ಪ್ರಕಾರ ಇಂಥ ರೋಗಿಗಳಲ್ಲಿ ಹತ್ತಿರ ಹತ್ತಿರ ನಾಲ್ವರಲ್ಲಿ ಒಬ್ಬರಿಗೆ ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ಇತ್ತು. ಮೂಳೆಯ ಸಾಂದ್ರತೆ ಅಷ್ಟರಮಟ್ಟಿಗೆ ಅಲ್ಲದಿದ್ದರೂ ಕುಸಿದವರನ್ನು ಸೇರಿಸಿದರೆ ಮೂವರಲ್ಲಿ ಇಬ್ಬರು. ಇದು ಮುದುಕರ ಲೆಕ್ಕವಲ್ಲ. ಇವರಲ್ಲಿ ಮೂವತ್ತು ನಲವತ್ತರ ವಯಸ್ಸಿನವರೂ ಇರುತ್ತಾರೆ.

‘ಹೊಟ್ಟೆಗೂ ಮೂಳೆಗೂ ಏನು ಸಂಬಂಧ?’

ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಈ ಗ್ರಂಥಿಗೆ ಎರಡು ಕೆಲಸ. ಒಂದು, ಇನ್ಸುಲಿನ್ ತಯಾರಿಸುವುದು. ಇದು ಎಲ್ಲರಿಗೂ ಗೊತ್ತು. ಇನ್ನೊಂದು, ಉಂಡದ್ದನ್ನು ಒಡೆಯುವ ರಸವನ್ನು ಕರುಳಿಗೆ ಬಿಡುವುದು. ಕೊಬ್ಬನ್ನು ಕರಗಿಸುವ ಲೈಪೇಸ್ ಎಂಬ ಕಿಣ್ವ ಈ ರಸದಲ್ಲಿರುತ್ತದೆ. ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನ ಜೊತೆಯಲ್ಲೇ ರಕ್ತಕ್ಕೆ ಸೇರುವಂಥವು. ಗ್ರಂಥಿ ಒಣಗಿ, ನಾಳದಲ್ಲಿ ಕಲ್ಲು ಕಟ್ಟಿಕೊಂಡರೆ ಕೊಬ್ಬು ಜೀರ್ಣವಾಗದೆ ಹಾಗೆಯೇ ಹೊರಗೆ ಹೋಗುತ್ತದೆ, ಅದರ ಜೊತೆಗೆ ವಿಟಮಿನ್ ಡಿ ಕೂಡ. ಇದರ ಗುರುತು ಕಾಣುವುದು ಶೌಚಾಲಯದಲ್ಲಿ. ಮಲ ಮಾಸಲು ಬಣ್ಣಕ್ಕೆ ತಿರುಗುತ್ತದೆ, ಕೆಟ್ಟ ನಾತ ಬರುತ್ತದೆ, ನೀರಿನ ಮೇಲೆ ಎಣ್ಣೆ ಪಸೆ ತೇಲುತ್ತದೆ, ಎರಡು ಬಕೆಟ್ ನೀರು ಸುರಿದರೂ ಅಂಟಿದ್ದು ಹೋಗುವುದಿಲ್ಲ. ಇದನ್ನು ಕಂಡವರು ನಾಚಿಕೆಯಿಂದ ಡಾಕ್ಟರ ಮುಂದೆ ಬಾಯಿ ಬಿಡುವುದಿಲ್ಲ. ದಯವಿಟ್ಟು ಹೇಳಿ. ಗ್ರಂಥಿಯ ಲೈಪೇಸ್ ಹತ್ತರಲ್ಲಿ ಒಂದು ಪಾಲಿಗೆ ಇಳಿದ ಮೇಲಷ್ಟೇ ಈ ಎಣ್ಣೆ ಪಸೆ ಎದ್ದು ಕಾಣುವುದು. ಮೂಳೆಗೆ ನಷ್ಟ ಅದಕ್ಕೂ ಮೊದಲೇ ಶುರುವಾಗಿರಬಹುದು.

ಉರಿಯೂತ ತಾನೇ ಮೂಳೆಯನ್ನು ಕರಗಿಸುತ್ತದೆ. ನೋವಿಗೆ ಹೆದರಿ ಊಟ ಬಿಡುವುದು, ಮೈ ಇಳಿದು ಹೋಗುವುದು, ಬೀಡಿ ಸಿಗರೇಟು, ಎಲ್ಲವೂ ಅದಕ್ಕೆ ಕೈ ಜೋಡಿಸುತ್ತವೆ.

‘ನಾವು ಮುದ್ದೆ ತಿನ್ನೋರು, ನಮ್ಮ ಮೂಳೆ ಗಟ್ಟಿ’

ಈ ಮಾತಿನಲ್ಲಿ ಅರ್ಧ ನಿಜವಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಯಾವ ಅಕ್ಕಿ ಗೋಧಿಯೂ ಇದರ ಹತ್ತಿರ ಬರುವುದಿಲ್ಲ. ಮನೆಯಲ್ಲಿ ಹಸುವೂ ಇದ್ದರೆ ಹಾಲಿನದು ಬೇರೆ. ಆದರೆ ತಟ್ಟೆಯಲ್ಲಿದ್ದ ಕ್ಯಾಲ್ಸಿಯಂ ರಕ್ತಕ್ಕೆ ಸೇರಲು ವಿಟಮಿನ್ ಡಿ ಬೇಕು, ಅದೇ ಇಲ್ಲಿ ಸೋರಿ ಹೋಗಿರುತ್ತದೆ. ಸಾಲದ್ದಕ್ಕೆ, ಜೀರ್ಣವಾಗದ ಕೊಬ್ಬು ಕರುಳಿನಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಸಾಬೂನಿನಂಥ ಗಸಿಯಾಗಿ ಹೊರಬೀಳುತ್ತದೆ. ಎರಡು ಹೊತ್ತು ಮುದ್ದೆ, ಬಸ್ಸಾರು ಉಂಡರೂ ರಕ್ತದಲ್ಲಿ ಕ್ಯಾಲ್ಸಿಯಂ ಸಾಲದೆ ಬಂದಾಗ ದೇಹ ಅದನ್ನು ಮೂಳೆಯಿಂದಲೇ ಕಿತ್ತು ತೆಗೆಯುತ್ತದೆ. ರಾಗಿ ಬಿಡಬೇಕಾಗಿಲ್ಲ. ರಾಗಿಯನ್ನು ನಂಬಿ ಚಿಕಿತ್ಸೆ ಬಿಡಬಾರದು, ಅಷ್ಟೆ.

‘ಇಷ್ಟು ಬಿಸಿಲಿರೋ ಊರಲ್ಲಿ ವಿಟಮಿನ್ ಡಿ ಕೊರತೆಯೇ?’

ಶಿಡ್ಲಘಟ್ಟದ ಯಾವುದಾದರೂ ರೇಷ್ಮೆ ನೂಲು ಬಿಚ್ಚುವ ಮನೆಗೆ ಹೋಗಿ ನಿಂತು ನೋಡಿ. ಕುದಿನೀರಿನಲ್ಲಿ ಗೂಡು ಬೇಯುತ್ತಿರುತ್ತವೆ. ಹಬೆ, ಹುಳುವಿನ ವಾಸನೆ. ಎಳೆ ಹುಡುಕುವ ಹೆಂಗಸರ ಬೆರಳು ಬಿಸಿನೀರಿನಲ್ಲಿ ನೆನೆದು ಬಿಳುಚಿ ಸುಕ್ಕುಗಟ್ಟಿರುತ್ತವೆ. ಹೊರಗೆ ಸುಡುವ ಬಿಸಿಲಿದ್ದರೂ ಒಳಗೆ ಬಲ್ಬಿನ ಬೆಳಕೇ ಗತಿ. ಹುಳುಮನೆಯಲ್ಲಿ ಸೊಪ್ಪು ಹಾಕುವವರದೂ ನೆರಳಿನ ಕೆಲಸವೇ. ಊರಿಗೆ ಬಿಸಿಲಿದೆ ಎಂದ ಮಾತ್ರಕ್ಕೆ ಮೈಗೆ ಬಿಸಿಲು ಸಿಕ್ಕಿತು ಎಂದಲ್ಲ.

ಇದರ ಜೊತೆಗೆ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ: ಎಳೆಬಿಸಿಲಿನಲ್ಲಿ ಕೂತರೆ ಸಾಕು ಎಂಬುದು. ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವ ಕಿರಣಗಳು ಬೆಳಗಿನ ಓರೆ ಬಿಸಿಲಿನಲ್ಲಿ ಬಹಳ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ, ಕೈಕಾಲು ಬಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತರೆ ಅದು ಪ್ರಯೋಜನ. ಕಪ್ಪು ಮೈಬಣ್ಣದವರಿಗೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬೇಕು. ಚರ್ಮದಲ್ಲಿ ಹುಟ್ಟುವ ವಿಟಮಿನ್‌ಗೆ ಕರುಳಿನ ಹಂಗಿಲ್ಲವಾದ್ದರಿಂದ ಪ್ಯಾಂಕ್ರಿಯಾಸ್ ರೋಗಿಗೆ ಬಿಸಿಲು ಬೇರೆಯವರಿಗಿಂತ ಹೆಚ್ಚು ಬೆಲೆಯುಳ್ಳದ್ದು.

‘ಎಕ್ಸ್-ರೇಯಲ್ಲಿ ಮೂಳೆ ಚೆನ್ನಾಗಿ ಬೆಳ್ಳಗೆ ಕಾಣ್ತಿದೆ’

ನಮ್ಮ ತಾಲ್ಲೂಕುಗಳ ಮಟ್ಟಿಗೆ ಇದು ಎಲ್ಲಕ್ಕಿಂತ ಅಪಾಯದ ಸಮಾಧಾನ. ಕೆರೆಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದ ಮೇಲೆ ಎಷ್ಟೋ ಹಳ್ಳಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಅದಕ್ಕಿಂತ ಹೆಚ್ಚಿನದನ್ನು ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ದೊಡ್ಡವರಿಗೆ ಬೆನ್ನು ಕುತ್ತಿಗೆ ಬಿಗಿತ. ಫ್ಲೋರೈಡ್ ತುಂಬಿದ ಮೂಳೆ ಎಕ್ಸ್-ರೇಯಲ್ಲಿ ದಟ್ಟವಾಗಿ, ಬೆಳ್ಳಗೆ ಕಾಣುತ್ತದೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲೂ ಬೆನ್ನುಮೂಳೆಯ ಅಂಕ ಹೆಚ್ಚಾಗಿ ಬರಬಹುದು. ಆದರೆ ಅದು ಗಟ್ಟಿ ಮೂಳೆಯಲ್ಲ, ಪೆಡಸು ಮೂಳೆ. ಬಿದ್ದರೆ ಮುರಿಯುತ್ತದೆ. ಕ್ಯಾಲ್ಸಿಯಂ ಕೊರತೆ ಇರುವವರ ಮೇಲೆ ಫ್ಲೋರೈಡಿನ ಹಾವಳಿ ಇನ್ನೂ ಜಾಸ್ತಿ. ಪ್ಯಾಂಕ್ರಿಯಾಸ್ ರೋಗಿಗೆ ಆ ಕೊರತೆ ಮೊದಲೇ ಇರುತ್ತದಲ್ಲ!

ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಕುಡಿಯುವುದಕ್ಕಷ್ಟೇ ಅಲ್ಲ, ಮುದ್ದೆಗೂ ಸಾರಿಗೂ ಬಳಸಬೇಕು. ನಿಮ್ಮದು ಯಾವ ಊರು, ಎಷ್ಟು ವರ್ಷ ಯಾವ ಬೋರಿನ ನೀರು ಕುಡಿದಿರಿ ಎಂಬುದನ್ನು ಬೆಂಗಳೂರಿನ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

‘ಕುಡಿಯೋರಿಗೆ ಮಾತ್ರ ಬರೋ ಕಾಯಿಲೆ’

ಈ ಮಾತು ಎಷ್ಟೋ ಅಮಾಯಕರಿಗೆ ಕಳಂಕ ಹಚ್ಚಿದೆ. ಮದ್ಯ ದೊಡ್ಡ ಕಾರಣ, ನಿಜ. ತಂಬಾಕೂ ಸ್ವತಂತ್ರವಾಗಿ ಕಾರಣವೇ. ಆದರೆ ಹನಿ ಮದ್ಯ ಮುಟ್ಟದ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಹರೆಯದವರಿಗೆ ಬರುವ ಬಗೆಯೊಂದು ದಕ್ಷಿಣ ಭಾರತದಲ್ಲಿ ದಶಕಗಳಿಂದ ಕಂಡಿದೆ. ಕೇರಳದಲ್ಲಿ ಡಾ. ಗೀವರ್ಗೀಸ್ ಇಂಥ ನೂರಾರು ರೋಗಿಗಳನ್ನು ದಾಖಲಿಸಿದರು. ಆಗ ಮರಗೆಣಸಿನ ಮೇಲೆ ಅನುಮಾನವಿತ್ತು, ಅದು ಸಾಬೀತಾಗಲಿಲ್ಲ. ಸ್ಪಿಂಕ್1 ಎಂಬ ವಂಶವಾಹಿಯಲ್ಲಿನ ಬದಲಾವಣೆ ಬಹಳ ಜನ ರೋಗಿಗಳಲ್ಲಿ ಇರುವುದು ಆಮೇಲೆ ತಿಳಿಯಿತು. ‘ಕುಡೀತಾನೆ’ ಎಂಬ ಅಪವಾದಕ್ಕೆ ಹೆದರಿ ಕಾಯಿಲೆ ಮುಚ್ಚಿಟ್ಟರೆ ಹೊಟ್ಟೆಯೂ ಹಾಳು, ಮೂಳೆಯೂ ಹಾಳು.

‘ಎಣ್ಣೆ ತುಪ್ಪ ಪೂರ್ತಿ ಬಿಟ್ಟು ಗಂಜಿ ಕುಡೀಬೇಕು’

ಹಿಂದೆ ಹೀಗೆ ಹೇಳುತ್ತಿದ್ದದ್ದು ಹೌದು. ಈಗಿನ ಮಾರ್ಗಸೂಚಿಗಳು ಹಾಗೆ ಹೇಳುವುದಿಲ್ಲ. ಬಡಕಲಾದ ರೋಗಿಗೆ ಗಂಜಿಯ ಪಥ್ಯ ಹಾಕಿದರೆ ತೂಕ ಇನ್ನೂ ಇಳಿದು ಮೂಳೆಯೂ ಸೋಲುತ್ತದೆ. ಕಿಣ್ವದ ಕ್ಯಾಪ್ಸೂಲ್ ಸರಿಯಾಗಿ ತೆಗೆದುಕೊಂಡು ಎಲ್ಲರಂತೆ ಹಿತಮಿತವಾಗಿ ಉಣ್ಣುವುದೇ ದಾರಿ. ಸರಿಯಾಗಿ ಎಂದರೆ ಬರೀ ಹೊಟ್ಟೆಗಲ್ಲ, ಮಲಗುವ ಮುಂಚೆಯೂ ಅಲ್ಲ, ಊಟದ ಜೊತೆಗೆ. ಮೊದಲ ತುತ್ತಿಗೆ ಒಂದು, ನಡುವೆ ಇನ್ನೊಂದು ಎಂದು ಡಾಕ್ಟರು ಬರೆದಿದ್ದರೆ ಹಾಗೆಯೇ. ಜಗಿಯಬಾರದು. ಹಾಲಿನ ಜೊತೆ ತಿಂಡಿ ತಿಂದರೂ ಬೇಕು. ಅಭ್ಯಾಸವಾಗಿಬಿಡುತ್ತದೆ ಎಂದು ಅಂಜಬೇಡಿ, ಗ್ರಂಥಿ ಕೊಡಬೇಕಾದದ್ದನ್ನು ಅದು ಕೊಡುತ್ತಿದೆ. ಈ ಕಿಣ್ವವನ್ನು ಸಾಮಾನ್ಯವಾಗಿ ತೆಗೆಯುವುದು ಹಂದಿಯಿಂದ. ಅದು ಒಪ್ಪಿಗೆಯಾಗದವರು ಗುಟ್ಟಾಗಿ ನಿಲ್ಲಿಸುವ ಬದಲು ಡಾಕ್ಟರ ಹತ್ತಿರ, ಬೇಕಿದ್ದರೆ ತಮ್ಮ ಧರ್ಮದ ಹಿರಿಯರ ಹತ್ತಿರ ಬಾಯಿಬಿಟ್ಟು ಮಾತಾಡಬೇಕು.

‘ವಿಟಮಿನ್ ಡಿ ಎಷ್ಟು ತಗೊಂಡ್ರೂ ತೊಂದರೆ ಇಲ್ಲ’

ವಾರಕ್ಕೊಂದು ಎಂದು ಕೊಟ್ಟ 60,000 ಯೂನಿಟ್ಟಿನ ಪುಡಿಯನ್ನು ದಿನಕ್ಕೊಂದರಂತೆ ನುಂಗುವವರಿದ್ದಾರೆ. ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಏರಿದ ಕ್ಯಾಲ್ಸಿಯಂ ಕಿಡ್ನಿಗೆ ಕಲ್ಲು ಕೊಡುತ್ತದೆ, ಪ್ಯಾಂಕ್ರಿಯಾಸ್‌ಗೇ ಹೊಸದಾಗಿ ಉರಿಯೂತ ತರುತ್ತದೆ.

ಕೆಲವೊಮ್ಮೆ ಸಂಬಂಧ ತಿರುಗುಮುರುಗಾಗಿಯೂ ಇರುತ್ತದೆ. ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದಿರುವ ಪ್ಯಾರಾಥೈರಾಯ್ಡ್ ಎಂಬ ಪುಟ್ಟ ಗ್ರಂಥಿಯಲ್ಲಿ ಗಡ್ಡೆ ಬೆಳೆದರೆ ಅದು ಮೂಳೆಯ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಸುರಿಯುತ್ತದೆ. ಮೂಳೆನೋವು, ಕಿಡ್ನಿ ಕಲ್ಲು, ಮತ್ತೆ ಮತ್ತೆ ಪ್ಯಾಂಕ್ರಿಯಾಸ್ ಉರಿಯೂತ, ಮೂರೂ ಒಬ್ಬರಲ್ಲೇ ಕಂಡರೆ ಕ್ಯಾಲ್ಸಿಯಂ ಮತ್ತು ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನು) ರಕ್ತಪರೀಕ್ಷೆ ಮಾಡಿಸಲೇಬೇಕು. ಗಡ್ಡೆ ತೆಗೆದರೆ ಮೂಲವೇ ಹೋದಂತೆ.

ನಿಮ್ಮ ಮನೆಯಲ್ಲಿ ಪ್ಯಾಂಕ್ರಿಯಾಸ್ ಕಾಯಿಲೆಯವರಿದ್ದರೆ ಮುಂದಿನ ಸಲ ತೋರಿಸಲು ಹೋದಾಗ ಮೂರು ವಿಷಯ ಕೇಳಿ ಬನ್ನಿ: ರಕ್ತದಲ್ಲಿ ವಿಟಮಿನ್ ಡಿ ಎಷ್ಟಿದೆ, ಡೆಕ್ಸಾ ಸ್ಕ್ಯಾನ್ ಯಾವಾಗ ಮಾಡಿಸಬೇಕು, ಕಿಣ್ವದ ಪ್ರಮಾಣ ಸಾಲುತ್ತಿದೆಯೇ. ಮನೆಗೆ ಬರುವ ನೀರಿನ ಫ್ಲೋರೈಡ್ ಎಷ್ಟು ಎಂದು ಪಂಚಾಯಿತಿಯಲ್ಲಿ ವಿಚಾರಿಸಿ, ಆ ಚೀಟಿಯನ್ನೂ ಫೈಲಿನಲ್ಲಿಟ್ಟು ತೆಗೆದುಕೊಂಡು ಹೋಗಿ.