ಐದು ದಿನಕ್ಕೊಮ್ಮೆ ನೀರು: ನಾನು ಹೇಳಿದ್ದೇನು, ಯಂತ್ರ ತಿಳಿದದ್ದೇನು

ನಮ್ಮದು ಚಳ್ಳಕೆರೆ ಸೀಮೆ. ಆರು ಎಕರೆ ಮಳೆ ನಂಬಿದ ಹೊಲ. ಶೇಂಗಾ, ತೊಗರಿ, ಒಂದಿಷ್ಟು ಸಜ್ಜೆ. ಮೂಲೆಯಲ್ಲಿ ಮುಕ್ಕಾಲು ಎಕರೆ ದಾಳಿಂಬೆ ಇಟ್ಟು ಒಂದು ಬಡ ಬೋರಿನ ನೀರಲ್ಲಿ ಸಾಕುತ್ತಿದ್ದೇನೆ. ಎರಡು ತಾಸು ಎತ್ತಿದರೆ ಬೋರು ಬರಿದು. ಮತ್ತೆ ನೀರು ಕೂಡಬೇಕಾದರೆ ನಾಲ್ಕು ದಿನ ಸುಮ್ಮನೆ ಬಿಡಬೇಕು. ಹಾಗಾಗಿ ಐದು ದಿನಕ್ಕೊಮ್ಮೆ ಡ್ರಿಪ್ ಬಿಡೋದು ನಮ್ಮ ಲೆಕ್ಕ.

2023ರ ಮುಂಗಾರು ಕೈಕೊಟ್ಟಿತ್ತು. 2024ರ ಬೇಸಿಗೆಯಲ್ಲಿ ಆ ಗಿಡ ಉಳಿಸಿಕೊಳ್ಳೋದೇ ದೊಡ್ಡ ಕೆಲಸವಾಯಿತು. ತ್ರೀಫೇಸ್ ಕರೆಂಟು ಕೊಡುತ್ತಿದ್ದುದು ಬೆಳಗಿನ ಜಾವ. ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗಳು, "ಅಪ್ಪ, ಆ ಕತ್ತಲಲ್ಲಿ ಹಾವು ಹುಳ ತುಳಿದುಕೊಂಡು ಯಾಕೆ ಹೋಗ್ತೀಯ" ಅಂತ ಸ್ಟಾರ್ಟರಿಗೆ ಸಿಮ್ ಹಾಕುವ ಒಂದು ಡಬ್ಬಿ ಕೂರಿಸಿದಳು. ಮೋಟಾರ್ ಯಾವಾಗ ಓಡಬೇಕು ಅಂತ ನಾನು ಫೋನಿನಲ್ಲಿ ಬರೆದಿಟ್ಟರೆ ಸಾಕು. ಎಲ್ಲೋ ದೂರದ ಕಂಪ್ಯೂಟರ್ ಆ ಹೊತ್ತಿಗೆ ಸರಿಯಾಗಿ ಡಬ್ಬಿಗೆ ಅಪ್ಪಣೆ ಕಳಿಸುತ್ತದೆ. ಅದನ್ನು ಕ್ಲೌಡ್ ಅಂತಾರೆ. ಹೆಸರಿಗೆ ಮೋಡ, ಒಂದು ಹನಿ ಉದುರಿಸಲ್ಲ.

ಬರೆಯೋ ರೀತಿಗೆ ಕ್ರಾನ್ ಅಂತ ಹೆಸರು. 1979ರ ಯುನಿಕ್ಸ್‌ನಲ್ಲೇ ಇತ್ತಂತೆ, ಅಂದರೆ ನಾನು ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದ ಕಾಲದ್ದು. ಇದರಲ್ಲಿ ಐದು ಜಾಗ: ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ. ಐದು ತಾಳಿನ ಕೂರಿಗೆ ಇದ್ದ ಹಾಗೆ, ಒಂದೊಂದು ತಾಳಿಗೆ ಒಂದೊಂದು ಕಾಳು. ಯಾವುದಾದರೂ ಸರಿ ಅನ್ನೋ ಕಡೆ ನಕ್ಷತ್ರದ ಗುರುತು. "0 5 * * *" ಅಂದರೆ ದಿನಾ ಬೆಳಗ್ಗೆ 5ಕ್ಕೆ. ಮಗಳು ಒಂದು ಸಂಜೆ ಕಲಿಸಿದಳು. ಏಳನೇ ತರಗತಿ ಓದಿದವನಿಗೆ ಅದೇನು ಭಾರವಾಗಲಿಲ್ಲ. "0 5 */5 * *" ಅಂತ ನಾನೇ ಬರೆದೆ. ಐದು ದಿನಕ್ಕೊಮ್ಮೆ, ಬೆಳಗ್ಗೆ 5ಕ್ಕೆ. ಯಂತ್ರ "ಸರಿ" ಅಂತ ಹಸಿರು ಗುರುತು ತೋರಿಸಿತು.

ಏಪ್ರಿಲ್ 1ರಂದು 5ಕ್ಕೆ ಎದ್ದು ಕೂತೆ, ಮೋಟಾರ್ ಸದ್ದಿಲ್ಲ. ಹತ್ತೂವರೆಗೆ ಸುಡುಬಿಸಿಲಲ್ಲಿ ಶುರುವಾಯಿತು. ಆ ಕಂಪ್ಯೂಟರ್ ನೋಡುತ್ತಿದ್ದುದು ಲೋಕದ ಸಾಮಾನ್ಯ ವೇಳೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ತಾಸು ಮುಂದೆ. ಅಲ್ಲಿ 5 ಆದಾಗ ನಮಗೆ 10.30. ಮಗಳು ಅವತ್ತೇ ಭಾರತದ ವೇಳೆಗೆ ತಿರುಗಿಸಿದಳು. ಬಿಸಿಲಿಗೆ ಒಂದು ಸರದಿ ನೀರು ಹೋಯಿತು, ಅಷ್ಟೆ.

ಆಮೇಲೆ 6, 11, 16, 21, 26, ಮೇ 1. ಕೈಬೆರಳಲ್ಲಿ ಎಣಿಸಿ ನೋಡಿದೆ, ತಪ್ಪಲಿಲ್ಲ. ನಂಬಿಕೆ ಬಂತು. ನೋಡೋದನ್ನೇ ಬಿಟ್ಟೆ.

ಮೇ 31ರಂದು ಮೋಟಾರ್ ಓಡಿತು. ಮಾರನೇ ದಿನ, ಜೂನ್ 1, ಮತ್ತೆ ಓಡಿತು. ಬೋರಿನಲ್ಲಿ ನೀರೆಲ್ಲಿ? ಮೋಟಾರ್ ಒಣಗಿ ತಿರುಗಿ ವೈಂಡಿಂಗ್ ಸುಟ್ಟಿತು. ಒಣ ಓಟ ತಡೆಯುವ ಪ್ಯಾನೆಲ್ ಕೆಟ್ಟು ಎರಡು ತಿಂಗಳಾಗಿತ್ತು, ರಿಪೇರಿ ಮಾಡಿಸದೆ ಮೂಲೆಗೆ ಹಾಕಿದ್ದು ನಾನೇ. ಮೋಟಾರ್ ಎತ್ತಿಸಿ, ಕಟ್ಟಿಸಿ, ಇಳಿಸುವಷ್ಟರಲ್ಲಿ ಒಂಬತ್ತು ದಿನ. ಎರಡನೇ ವರ್ಷದ ನಲವತ್ತು ಗಿಡ ಒಣಗಿ ಹೋದವು. ವೈಂಡಿಂಗ್ ಖರ್ಚು ಹೇಗೋ ತೂಗಿಸಿದೆ. ಆ ಗಿಡಗಳಿಗೆ ಹಿಂದಿನ ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊತ್ತವಳು ನನ್ನ ಹೆಂಡತಿ. ಅವಳು ಎರಡು ದಿನ ಆ ಕಡೆ ಹೋಗಲೇ ಇಲ್ಲ.

ತಪ್ಪು ಎಲ್ಲಿ ಅಂತ ಮಗಳು ಹೇಳಿದಾಗ ನನಗೆ ನಗು ಬರಬೇಕೋ ಸಿಟ್ಟು ಬರಬೇಕೋ ಗೊತ್ತಾಗಲಿಲ್ಲ. "*/5" ಅಂದರೆ ಯಂತ್ರಕ್ಕೆ ಐದು ದಿನಕ್ಕೊಮ್ಮೆ ಅಂತಲ್ಲ. ತಿಂಗಳ 1, 6, 11, 16, 21, 26, 31ನೇ ತಾರೀಕು ಅಂತ. ತಿಂಗಳು ಮುಗಿದರೆ ಎಣಿಕೆ ಮತ್ತೆ ಒಂದರಿಂದ. 30 ದಿನದ ಏಪ್ರಿಲ್‌ನಲ್ಲಿ 26 ಆದಮೇಲೆ ಮೇ 1ಕ್ಕೆ ಸರಿಯಾಗಿ ಐದು ದಿನ, ಹಾಗಾಗಿ ಹುಳುಕು ಕಾಣಲಿಲ್ಲ. 31 ದಿನದ ತಿಂಗಳು ಬಂದರೆ ಸಾಲಾಗಿ ಎರಡು ದಿನ. 28 ದಿನದ ಫೆಬ್ರವರಿಯಲ್ಲಿ 26 ಆಗಿ ಮೂರೇ ದಿನಕ್ಕೆ ಮಾರ್ಚ್ 1. ನಮ್ಮ ಬೆಳೆಗೆ ತಿಂಗಳ ಕೊನೆ ಅಂತ ಒಂದು ಇದೆಯಾ?

"ಮತ್ತೆ ಸರಿ ಅಂತ ಯಾಕೆ ತೋರಿಸ್ತವ್ವ?" ಅಂದೆ. ಡಬ್ಬಿಯ ತಂತ್ರಾಂಶ ನೋಡುತ್ತಿದ್ದುದು ಇಷ್ಟೇ: ಜಾಗ ಐದು ಇವೆಯಾ, ನಿಮಿಷ 59 ಮೀರಿಲ್ಲವಾ, ಗಂಟೆ 23ರೊಳಗಿದೆಯಾ, ತಾರೀಕು 1ರಿಂದ 31, ತಿಂಗಳು 1ರಿಂದ 12. ಗಂಟೆ 25 ಅಂತ ಬರೆದಿದ್ದರೆ ತಳ್ಳುತ್ತಿತ್ತು. ಅಂದರೆ ಕಾಗುಣಿತ ತಿದ್ದುವ ಮೇಷ್ಟ್ರು. ಕಾಗುಣಿತ ಸರಿ ಇದ್ದ ಮಾತ್ರಕ್ಕೆ ಬರೆದವನ ಮನಸ್ಸಿನ ಮಾತು ಅದೇ ಅಂತ ಹೇಳೋಕಾಗುತ್ತಾ?

ನೀರುಗಂಟಿಯ ರೀತಿ

ಕೆರೆ ತುಂಬುತ್ತಿದ್ದ ಕಾಲದಲ್ಲಿ ತೂಬು ಎತ್ತುವ ನೀರುಗಂಟಿ ಇರುತ್ತಿದ್ದ. ನಮ್ಮಪ್ಪ ಹೇಳುತ್ತಿದ್ದರು, ಅವನಿಗೆ ಏನು ಹೇಳಿದರೂ ತಿರುಗಿಸಿ ಕೇಳುತ್ತಿದ್ದನಂತೆ. "ಅಂದ್ರೆ ನಾಳಿದ್ದು ಸೋಮವಾರ ಕೋಳಿ ಕೂಗೋ ಹೊತ್ತಿಗೆ ಮೇಲಿನ ಗದ್ದೆಗೆ, ಆಮೇಲೆ ಶನಿವಾರ, ಹೌದಾ ಗೌಡ್ರೆ?" ಹೌದು ಅಂದಮೇಲೇ ತೂಬಿಗೆ ಕೈ. ಯಂತ್ರಕ್ಕೂ ಹಾಗೇ ಕೇಳೋಕೆ ಕಲಿಸು ಅಂತ ಮಗಳಿಗೆ ಹೇಳಿದೆ. ಮುಂದಿನ ಐದು ಸರದಿ ಯಾವ ತಾರೀಕು, ಯಾವ ವಾರ, ನಮ್ಮ ಗಡಿಯಾರದಲ್ಲಿ ಎಷ್ಟು ಹೊತ್ತು, ಕನ್ನಡದಲ್ಲಿ ತೋರಿಸಲಿ. ನಾನು ಹೌದು ಒತ್ತಿದ ಮೇಲೇ ಒಪ್ಪಿಕೊಳ್ಳಲಿ.

ಅವಳು ಒಂದು ತೊಡಕು ತೆಗೆದಳು. "ಅಪ್ಪ, ಏಪ್ರಿಲ್‌ನಲ್ಲಿ ಐದು ತಾರೀಕು ತೋರಿಸಿದ್ರೂ ನೀನು ಹೌದು ಅಂತಿದ್ದೆ. 31 ಅದರಲ್ಲಿ ಬರ್ತಾನೇ ಇರಲಿಲ್ಲ." ಮಾತು ನಿಜ. ಅದಕ್ಕೆ ಈಗ ಯಂತ್ರ ಮುಂದಿನ ಒಂದು ವರ್ಷದ ಸರದಿಗಳನ್ನೆಲ್ಲ ಎಣಿಸಿ, ಎರಡು ಸರದಿಯ ನಡುವಿನ ಅತಿ ಕಡಿಮೆ ಅಂತರ ಹುಡುಕುತ್ತದೆ. ನಮ್ಮ ಬೋರಿಗೆ ಕನಿಷ್ಠ ನಾಲ್ಕು ದಿನದ ಬಿಡುವು ಬೇಕು ಅಂತ ಮೊದಲೇ ಬರೆದಿಟ್ಟಿದ್ದೇವೆ. ಅದಕ್ಕಿಂತ ಕಡಿಮೆ ಬಂದರೆ ಯಾವ ತಾರೀಕಿನಲ್ಲಿ ಬಂತು ಅಂತ ತೋರಿಸಿ ತಳ್ಳುತ್ತದೆ. ಹಳೆಯ ಸಾಲನ್ನೇ ಹಾಕಿ ನೋಡಿದೆವು, ನೇರ ತಿಂಗಳ ಕೊನೆಗೆ ಬೆರಳಿಟ್ಟಿತು.

ಐದು ದಿನದ ಲೆಕ್ಕಕ್ಕಂತೂ ಕ್ರಾನ್ ಬಿಟ್ಟೆವು. ಕೊನೆಯ ಸಲ ನೀರು ನಿಜವಾಗಿ ಹರಿದ ದಿನದಿಂದ ಎಣಿಕೆ. ಕರೆಂಟು ಕೈಕೊಟ್ಟು ಒಂದು ದಿನ ತಪ್ಪಿದರೂ ಎಣಿಕೆ ಅದರ ಜೊತೆ ಸರಿಯುತ್ತದೆ.

ಅಕ್ಕಪಕ್ಕದವರು ಸೇರಿದಾಗ

ಈಗ ಆರು ಮನೆಯವರು ಇದೇ ಡಬ್ಬಿ ಇಟ್ಟಿದ್ದಾರೆ. ಒಬ್ಬೊಬ್ಬರು ಒಂದೊಂದು ರೀತಿ ಬರೆದಾಗಲೇ ಪರೀಕ್ಷೆಯ ಬೆಲೆ ತಿಳಿದದ್ದು. ಪಕ್ಕದ ಹೊಲದ ಮಾವ "* 5 * * *" ಅಂತ ಬರೆದರು. ನಿಮಿಷ ಯಾವುದಾದರೇನು, 5ಕ್ಕೆ ಓಡಲಿ ಅಂತ ಅವರ ಭಾವನೆ. ಯಂತ್ರಕ್ಕೆ ಅದರ ಅರ್ಥ, 5ರಿಂದ 5.59ರ ತನಕ ನಿಮಿಷಕ್ಕೊಂದು ಅಪ್ಪಣೆ, ಒಟ್ಟು ಅರವತ್ತು! ಅಂತರ ಒಂದೇ ನಿಮಿಷ ಅಂತ ತಳ್ಳಿತು.

ಇನ್ನೊಬ್ಬ ಹುಡುಗ ಜಾಣ. ತಿಂಗಳ ಮೊದಲ ಸೋಮವಾರ ಡ್ರಿಪ್‌ನಲ್ಲಿ ಗೊಬ್ಬರ ಬಿಡಬೇಕು ಅಂತ 2024ರ ಜುಲೈ ಕೊನೆಗೆ "0 6 1-7 * 1" ಬರೆದ. 1ರಿಂದ 7ರೊಳಗಿನ ಸೋಮವಾರ ಅಂತ ಅವನ ಲೆಕ್ಕ. ಫೋನು ತೋರಿಸಿದ್ದು ಆಗಸ್ಟ್ 1, 2, 3, 4, 5. ಮುಂದೆ ನೋಡಿದರೆ 6, 7, 12, 19, 26. ಈ ಹಳೇ ಪದ್ಧತಿಯಲ್ಲಿ ತಾರೀಕು, ವಾರ ಎರಡನ್ನೂ ಕೊಟ್ಟರೆ ಎರಡರಲ್ಲಿ ಯಾವುದು ಬಂದರೂ ಓಡುತ್ತದೆ. ವಾರಪೂರ್ತಿ ಗೊಬ್ಬರ ಕುಡಿಸಿದ್ದರೆ ಗಿಡದ ಗತಿ ಏನು? ಹುಡುಗ ಅಲ್ಲೇ ಅಳಿಸಿದ.

ಬೇರೆ ಕಡೆ ಬರೆದದ್ದನ್ನು ತಂದು ಅಂಟಿಸುವವರೂ ಇದ್ದಾರೆ. ಅಮೆಜಾನ್‌ನವರ ಕ್ಲೌಡ್‌ನಲ್ಲಿ ಜಾಗ ಆರು, ಕೊನೆಯದು ವರ್ಷ. ಅಲ್ಲಿ ತಾರೀಕು, ವಾರ ಎರಡರಲ್ಲಿ ಒಂದಕ್ಕೆ ಪ್ರಶ್ನೆ ಗುರುತು ಹಾಕಲೇಬೇಕು. ಅಲ್ಲಿ 1 ಅಂದರೆ ಭಾನುವಾರ, ನಮ್ಮದರಲ್ಲಿ 1 ಸೋಮವಾರ. ಆರು ಜಾಗ ಕಂಡರೆ ನಮ್ಮ ಯಂತ್ರ ಊಹೆ ಮಾಡೋಕೆ ಹೋಗಲ್ಲ, ವಾಪಸು ಕೊಡುತ್ತದೆ. ಫೆಬ್ರವರಿ 30 ಅಂತ ಬರೆದರೂ ಅಷ್ಟೇ. ಅಂಕಿ ಎರಡೂ ಮಿತಿಯೊಳಗೇ ಇವೆ, ಆದರೆ ಆ ದಿನ ಎಂದೂ ಬರಲ್ಲ. ಮೋಟಾರ್ ಓಡದೆ ಗಿಡ ಒಣಗೋದೂ ನಷ್ಟವೇ ತಾನೆ.

ಒಣ ಓಟ ತಡೆಯುವ ಹೊಸ ಪ್ಯಾನೆಲ್ ಹಾಕಿಸಿದ್ದೇನೆ. ಫೋನಿಗೂ ಅದಕ್ಕೂ ಸಂಬಂಧ ಇಲ್ಲ, ನೀರಿಲ್ಲದಿದ್ದರೆ ತಾನೇ ಕೆಳಗಿಳಿಸುತ್ತದೆ. ಈ ಡಬ್ಬಿ ಇಡುವವರು ಮೊದಲು ಅದನ್ನು ಹಾಕಿಸಿ.

ಬಗೆಹರಿಯದ್ದು ಒಂದು ಉಳಿದಿದೆ. ತ್ರೀಫೇಸ್ ಕೊಡುವ ಹೊತ್ತು ಬದಲಾದರೆ ಯಂತ್ರಕ್ಕೆ ತಿಳಿಯಲ್ಲ, ನಾವೇ ತಿದ್ದಬೇಕು. ನಿಮ್ಮಲ್ಲಿ ಯಾರಾದರೂ ಇದಕ್ಕೆ ದಾರಿ ಕಂಡುಕೊಂಡಿದ್ದರೆ ಪತ್ರಿಕೆಗೆ ಬರೆಯಿರಿ, ಮಗಳಿಗೆ ಓದಿ ಹೇಳುತ್ತೇನೆ.