ಆಲೂಗಡ್ಡೆಗೆ ಬೇಕಾದದ್ದು ಸಂಸ್ಕಾರ

ವೈದ್ಯರು ಬರೆದುಕೊಡುವ ಚೀಟಿಯಲ್ಲಿ ಔಷಧಿಗಳ ಹೆಸರಿನ ಕೆಳಗೆ ಪಥ್ಯದ ಪಟ್ಟಿಯೊಂದು ಇರುತ್ತದೆ. ಮೂರೂವರೆ ದಶಕಗಳಿಂದ ನಾವು ಬರೆಯುತ್ತ ಬಂದಿರುವ ಆ ಪಟ್ಟಿಯಲ್ಲಿ ‘ಆಲೂಗಡ್ಡೆ ವರ್ಜ್ಯ’ ಎಂಬ ಎರಡು ಪದಗಳು ಎಷ್ಟು ಬಾರಿ ಬಂದಿವೆಯೋ ಲೆಕ್ಕವಿಲ್ಲ. ಬರೆಯುವುದು ಸುಲಭ. ಪಾಲಿಸುವವರ ಕಷ್ಟ ನಮಗೆ ತಿಳಿದದ್ದು ಮಾತ್ರ ಬಹಳ ತಡವಾಗಿ.

ನಮ್ಮಲ್ಲಿಗೆ ಬರುತ್ತಿದ್ದ ನಿವೃತ್ತ ಶಿಕ್ಷಕಿಯೊಬ್ಬರಿಗೆ ಹತ್ತು ವರ್ಷಗಳಿಂದ ಮಧುಮೇಹವಿತ್ತು. ಔಷಧ ತಪ್ಪಿಸುವವರಲ್ಲ, ಮುಂಜಾವಿನ ನಡಿಗೆ ಬಿಡುವವರಲ್ಲ; ಆದರೂ ರಕ್ತದ ಸಕ್ಕರೆ ಹತೋಟಿಗೆ ಬರಲೊಲ್ಲದು. ನಾವು ಕಷಾಯ ಬದಲಿಸಿದೆವು. ಅವರ ಫಿಜಿಶಿಯನ್ನರು ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಒಂದು ದಿನ ಎಂಟು ವರ್ಷದ ಮೊಮ್ಮಗನೂ ಅವರೊಂದಿಗೆ ಬಂದಿದ್ದ. ‘ಸಂಜೆ ನಾವಿಬ್ಬರೂ ಗಾಡಿಯ ಹತ್ತಿರ ಬಟಾಟಿ ಭಜಿ ತಿನ್ನುವುದನ್ನು ನಿಮಗೆ ಹೇಳಬಾರದಂತೆ’ ಎಂದುಬಿಟ್ಟ. ಆ ತಾಯಿ ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಿನ ನಂತರ ಮೆಲ್ಲಗೆ ಹೇಳಿದರು: ‘ಬೇಡವೆಂದು ಬರೆದಿರಿ. ಬೇಕೆನಿಸಿದಾಗ ಏನು ಮಾಡಬೇಕೆಂದು ಬರೆಯಲಿಲ್ಲವಲ್ಲ.’

ನಮ್ಮ ಬಳಿ ಉತ್ತರವಿರಲಿಲ್ಲ. ಮುಚ್ಚಿಟ್ಟ ಭಜಿಗಾಗಿ ನಾವೆಲ್ಲ ಸೇರಿ ಔಷಧ ಹೆಚ್ಚಿಸುತ್ತ ಹೋಗಿದ್ದೆವು ಎಂಬುದು ಆ ದಿನ ಅರಿವಾಯಿತು. ಈ ಲೇಖನವು ಅವರ ಪ್ರಶ್ನೆಗೆ ನಾವು ತಡವಾಗಿ ಕೊಡುತ್ತಿರುವ ಉತ್ತರ.

ಆಲೂಗಡ್ಡೆಯು ನಮ್ಮ ನೆಲದ ಮೂಲ ಬೆಳೆಯಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರದೇಶದ ಈ ಗಡ್ಡೆ 16ನೆಯ ಶತಮಾನದಲ್ಲಿ ಯುರೋಪನ್ನು ತಲುಪಿ, ಅನಂತರ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದಿತು. ಉತ್ತರ ಕರ್ನಾಟಕದ ‘ಬಟಾಟಿ’, ಕರಾವಳಿಯ ‘ಬಟಾಟೆ’ ಎಂಬ ಹೆಸರುಗಳು ಆ ಪಯಣದ ಗುರುತುಗಳು. ಇಂದು ಹಾಸನ ಜಿಲ್ಲೆಯ ರೈತರಿಗೆ ಇದು ಮುಂಗಾರಿನ ಮುಖ್ಯ ಬೆಳೆಗಳಲ್ಲೊಂದು. ಪ್ರಾಚೀನ ಸಂಹಿತೆಗಳಲ್ಲಿ ಬರುವ ‘ಆಲುಕ’ವೆಂಬುದು ಬೇರೆ ಗಡ್ಡೆಗಳ ಹೆಸರು, ಆದ್ದರಿಂದ ಈಗಿನ ಆಲೂಗಡ್ಡೆಯ ಗುಣದೋಷಗಳನ್ನು ನೇರವಾಗಿ ಹೇಳುವ ಹಳೆಯ ವಚನವಿಲ್ಲ. ಆದರೆ ಯಾವುದೇ ಹೊಸ ಆಹಾರವನ್ನು ಅಳೆಯಬಲ್ಲ ಕೋಲನ್ನು ಚರಕಾಚಾರ್ಯರು ಕೊಟ್ಟಿದ್ದಾರೆ. ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿ ಆಹಾರದ ಹಿತಾಹಿತವನ್ನು ನಿರ್ಣಯಿಸುವ ಎಂಟು ಅಂಶಗಳು ಬರುತ್ತವೆ. ಪದಾರ್ಥದ ಸ್ವಭಾವವಾದ ‘ಪ್ರಕೃತಿ’ ಅವುಗಳಲ್ಲಿ ಒಂದು ಮಾತ್ರ. ಅದರ ನಂತರ ಬರುವುದೇ ‘ಕರಣ’, ಅಂದರೆ ಸಂಸ್ಕಾರ. ಸಂಸ್ಕಾರವು ಪದಾರ್ಥದ ಗುಣವನ್ನು ಬದಲಿಸುತ್ತದೆ ಎಂಬುದು ಆಚಾರ್ಯರ ಮತ.

ಪ್ರಕೃತಿಯನ್ನು ನೋಡೋಣ. ನೂರು ಗ್ರಾಂ ಹಸಿ ಆಲೂಗಡ್ಡೆಯಲ್ಲಿ ಸುಮಾರು 79 ಗ್ರಾಂ ನೀರು, 17 ಗ್ರಾಂ ಶರ್ಕರಪಿಷ್ಟ, 2 ಗ್ರಾಂ ಸಸಾರಜನಕ ಇವೆ. ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಶಕ್ತಿ ಸುಮಾರು 77 ಕ್ಯಾಲೊರಿ. ‘ಸಿ’ ಜೀವಸತ್ವವೂ ಪೊಟ್ಯಾಸಿಯಂ ಲವಣವೂ ಸಾಕಷ್ಟಿವೆ. ಆಯುರ್ವೇದದ ದೃಷ್ಟಿಯಿಂದ ಇದು ಮಧುರ ರಸದ, ಗುರು ಗುಣದ ಆಹಾರ. ಮಂದಾಗ್ನಿಯುಳ್ಳವರಲ್ಲಿ ಹೊಟ್ಟೆಯುಬ್ಬರ ತರುವಂಥದ್ದು. ಅದೇ ಗಡ್ಡೆಯನ್ನು ಕಾದ ಎಣ್ಣೆಯಲ್ಲಿ ಮುಳುಗಿಸಿದಾಗ ಒಳಗಿನ ನೀರು ಆವಿಯಾಗಿ ಹೋಗಿ, ಆ ಜಾಗಕ್ಕೆ ಎಣ್ಣೆ ಸೇರುತ್ತದೆ. ಜಾತ್ರೆಯ ಬಾಣಲೆಗಳಲ್ಲಿ ಮುಂಜಾನೆಯ ಎಣ್ಣೆಯೇ ರಾತ್ರಿಯವರೆಗೂ ಕುದಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕರಿಯುವ ಎಣ್ಣೆಯಲ್ಲಿ ಕೆಟ್ಟ ಧ್ರುವೀಯ ಸಂಯುಕ್ತಗಳು ಶೇಕಡಾ 25ನ್ನು ಮೀರಿದರೆ ಅದನ್ನು ಬಳಸಬಾರದೆಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವಿದೆ. ಗಾಡಿಯ ಬಾಣಲೆಯಲ್ಲಿ ಅದನ್ನು ಅಳೆಯುವವರು ಯಾರು?

ಹಾಗಾದರೆ ಸಂಸ್ಕಾರವನ್ನು ಬದಲಿಸೋಣ. ಹೋಟೆಲುಗಳಲ್ಲಿ ‘ಪೊಟಾಟೊ ವೆಡ್ಜಸ್’ ಎಂದು ಬಡಿಸುವ ದಪ್ಪ ಹೋಳುಗಳನ್ನು ಮನೆಯ ಓವನ್ನಿನಲ್ಲಿ ಬೇಯಿಸುವುದು ಕಠಿಣವಲ್ಲ.

ನಾಲ್ವರಿಗೆ ಅರ್ಧ ಕಿಲೋ, ಅಂದರೆ ಮಧ್ಯಮ ಗಾತ್ರದ ನಾಲ್ಕು ಆಲೂಗಡ್ಡೆಗಳು ಸಾಕು. ಹಸಿರು ಬಣ್ಣಕ್ಕೆ ತಿರುಗಿದ, ಮೊಳಕೆಯೊಡೆದ ಗಡ್ಡೆಗಳನ್ನು ಆರಿಸಬಾರದು. ಅವುಗಳಲ್ಲಿ ಹೆಚ್ಚುವ ಸೋಲನಿನ್ ಎಂಬ ವಿಷಾಂಶವು ಬೇಯಿಸಿದರೂ ನಾಶವಾಗುವುದಿಲ್ಲ. ಮಣ್ಣು ಹೋಗುವಂತೆ ಉಜ್ಜಿ ತೊಳೆದು, ಸಿಪ್ಪೆ ಸಹಿತವಾಗಿಯೇ ಪ್ರತಿಯೊಂದನ್ನೂ ಉದ್ದುದ್ದವಾಗಿ ಎಂಟು ಹೋಳು ಮಾಡಿಕೊಳ್ಳಬೇಕು. ಹೋಳುಗಳನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರು ಚೆಲ್ಲಿ, ಬೇರೆ ಕುದಿಯುವ ನೀರಿನಲ್ಲಿ ಐದು ನಿಮಿಷ ಬೇಯಿಸಿ ಬಸಿಯಬೇಕು. ಅನಂತರ ಒಣಬಟ್ಟೆಯ ಮೇಲೆ ಹರಡಿ ಪೂರ್ಣವಾಗಿ ಆರಿಸಬೇಕು. ಅವಸರದಲ್ಲಿ ಈ ಹಂತವನ್ನು ಬಿಟ್ಟರೆ ಹೋಳುಗಳು ಗರಿಗರಿಯಾಗದೆ ಮೆತ್ತಗಾಗುತ್ತವೆ.

ಅಗಲವಾದ ಪಾತ್ರೆಯಲ್ಲಿ ನಾಲ್ಕು ಟೀ ಚಮಚ ಶೇಂಗಾ ಎಣ್ಣೆ, ಒಂದು ಚಮಚ ಜೀರಿಗೆಪುಡಿ, ಅರ್ಧರ್ಧ ಚಮಚ ಕಾಳುಮೆಣಸಿನ ಪುಡಿ ಮತ್ತು ಬ್ಯಾಡಗಿ ಮೆಣಸಿನ ಪುಡಿ, ಅಂಗೈಯಲ್ಲಿ ತಿಕ್ಕಿದ ಅರ್ಧ ಚಮಚ ಅಜವಾನ, ಕಾಲು ಚಮಚ ಅರಿಶಿನ, ಚಿಟಿಕೆ ಇಂಗು, ಅರ್ಧ ಚಮಚ ಉಪ್ಪು, ಎರಡು ಚಮಚ ಅಕ್ಕಿಹಿಟ್ಟು ಕಲಸಿ ಹೋಳುಗಳಿಗೆ ಸವರಬೇಕು. ಈ ಮಸಾಲೆ ರುಚಿಗಾಗಿ ಮಾತ್ರವಲ್ಲ. ಜೀರಿಗೆ, ಅಜವಾನ, ಇಂಗು ಹಾಗೂ ಕಾಳುಮೆಣಸುಗಳನ್ನು ಆಯುರ್ವೇದವು ದೀಪನ-ಪಾಚನ ದ್ರವ್ಯಗಳೆಂದು, ವಾಯುವನ್ನು ಅನುಲೋಮಗೊಳಿಸುವವೆಂದು ಹೇಳುತ್ತದೆ. ಗಡ್ಡೆಯ ಗುರುತ್ವಕ್ಕೆ ಇವು ಜೊತೆಗಾರರು. ಇದೇ ಆಚಾರ್ಯರು ಹೇಳಿದ ‘ಸಂಯೋಗ’.

ಓವನ್ನನ್ನು 200 ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ನಿಮಿಷ ಮೊದಲೇ ಕಾಯಿಸಿಟ್ಟು, ತಟ್ಟೆಯಲ್ಲಿ ಹೋಳುಗಳು ಒಂದಕ್ಕೊಂದು ತಾಗದಂತೆ ಹರಡಿ 20 ನಿಮಿಷ ಬೇಯಿಸಬೇಕು. ಮಗುಚಿ ಹಾಕಿ ಮತ್ತೆ 10ರಿಂದ 15 ನಿಮಿಷ. ಹೊರಗೆ ಹೊಂಬಣ್ಣ ಬಂದು, ಚಾಕುವಿನ ಮೊನೆ ಸಲೀಸಾಗಿ ಒಳಹೊಕ್ಕರೆ ಸಿದ್ಧವಾಯಿತು. ಹೊರತೆಗೆದ ಮೇಲೆ ನಿಂಬೆರಸ ಹಿಂಡಿ, ಕೊತ್ತಂಬರಿ ಉದುರಿಸಬೇಕು. ಓವನ್ ಇಲ್ಲದ ಮನೆಯವರು ದಪ್ಪ ಹಂಚಿನ ಮೇಲೆ ಹೋಳುಗಳನ್ನು ಹರಡಿ, ಮುಚ್ಚಿ, ಸಣ್ಣ ಉರಿಯಲ್ಲಿ ಆಗಾಗ ತಿರುವುತ್ತ 20 ನಿಮಿಷ ಬೇಯಿಸಿದರೂ ಆಗುತ್ತದೆ. ನಮ್ಮ ಹಿರಿಯರು ಒಲೆಯ ಬಿಸಿಬೂದಿಯಲ್ಲಿ ಗೆಣಸು ಹುದುಗಿಸಿ ಸುಡುತ್ತಿದ್ದುದು ಇದೇ ಬಗೆಯ ಒಣ ಶಾಖದ ಪಾಕವಲ್ಲವೇ?

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಪಿಷ್ಟವುಳ್ಳ ಆಹಾರವನ್ನು 120 ಡಿಗ್ರಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಕರಿದಾಗ ಅಥವಾ ಸುಟ್ಟಾಗ ಅಕ್ರಿಲಮೈಡ್ ಎಂಬ ರಾಸಾಯನಿಕ ಉಂಟಾಗುವುದನ್ನು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದರು. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಇದು ಪ್ರಯೋಗಪ್ರಾಣಿಗಳಲ್ಲಿ ಅರ್ಬುದವನ್ನು ತರುತ್ತದೆ. ಆದ್ದರಿಂದ ಹೊಂಬಣ್ಣವೇ ಗಡಿ. ಕಂದು ದಾಟಿ ಕಪ್ಪಾದ ಅಂಚುಗಳನ್ನು ತೆಗೆದುಹಾಕಬೇಕು. ಹೋಳುಗಳನ್ನು ನೆನೆಸುವುದರ ಉದ್ದೇಶವೂ ಇದೇ. ಫ್ರಿಜ್ಜಿನ ಶೀತದಲ್ಲಿ ಗಡ್ಡೆಯ ಪಿಷ್ಟ ಸಕ್ಕರೆಯಾಗಿ, ಬೇಯಿಸುವಾಗ ಬೇಗ ಕಪ್ಪಾಗುವುದರಿಂದ, ಗಾಳಿಯಾಡುವ ಕತ್ತಲೆಯ ಜಾಗದಲ್ಲಿ ಬುಟ್ಟಿಯಲ್ಲಿಡುವುದು ಲೇಸು.

ಇನ್ನು ‘ರಾಶಿ’, ಅಂದರೆ ಪ್ರಮಾಣ. ಎಂಟು ಹೋಳುಗಳು ಒಂದು ಗಡ್ಡೆಗೆ ಸಮ; ಎಣ್ಣೆ ಸೇರಿ ಸುಮಾರು 140 ಕ್ಯಾಲೊರಿ. ಆರೋಗ್ಯವಂತರಿಗೆ ಇಷ್ಟು ಸಾಕು. ಮಧುಮೇಹಿಗಳು ನಾಲ್ಕಕ್ಕೆ ನಿಲ್ಲಿಸಬೇಕು. ಅದನ್ನು ಊಟದ ಮೇಲೆ ಹೆಚ್ಚುವರಿಯಾಗಿ ತಿನ್ನದೆ, ಅಷ್ಟರ ಮಟ್ಟಿಗೆ ಅನ್ನವನ್ನೋ ರೊಟ್ಟಿಯನ್ನೋ ಕಡಿಮೆ ಮಾಡಬೇಕು. ಜೊತೆಗೆ ಹೆಸರುಬೇಳೆಯ ಕೋಸಂಬರಿ, ಮಜ್ಜಿಗೆ ಇರಲಿ. ಬೆಣ್ಣೆ, ಚೀಸು, ಸಿಹಿ ಸಾಸುಗಳು ಬೇಡ. ತಿಂದ ಎರಡು ಗಂಟೆಯ ನಂತರ ಒಮ್ಮೆ ಸಕ್ಕರೆ ಪರೀಕ್ಷಿಸಿಕೊಂಡರೆ ತಮ್ಮ ದೇಹದ ಉತ್ತರ ತಮಗೇ ದೊರೆಯುತ್ತದೆ. ಮೂತ್ರಪಿಂಡದ ಕಾಯಿಲೆಯುಳ್ಳವರು ಪೊಟ್ಯಾಸಿಯಂ ಕಾರಣದಿಂದ ತಮ್ಮ ವೈದ್ಯರನ್ನು ಕೇಳದೆ ತಿನ್ನಬಾರದು. ‘ಕಾಲ’ವೂ ಮುಖ್ಯ: ಹಸಿವಾದಾಗ, ಹಗಲಿನಲ್ಲಿ, ರಾತ್ರಿ ಮಲಗುವ ಮುನ್ನವಲ್ಲ. ಇದು ಔಷಧವಲ್ಲ, ಔಷಧ ಬಿಡಲು ನೆಪವೂ ಅಲ್ಲ.

ಆ ಶಿಕ್ಷಕಿಗೆ ಇದನ್ನೆಲ್ಲ ಬರೆದುಕೊಟ್ಟೆವು. ಮೊದಲ ಸಲ ಹೋಳುಗಳು ಕರಕಾದುವಂತೆ. ಮೊಮ್ಮಗ ಮುಖ ಕಿವುಚಿದನಂತೆ. ಈಗ ಹದಿನೈದು ದಿನಕ್ಕೊಮ್ಮೆ ಭಾನುವಾರ ಮಧ್ಯಾಹ್ನ ಅಜವಾನ ತಿಕ್ಕುವುದು ಅವನ ಕೆಲಸ, ಹೋಳು ಎಣಿಸಿ ಬಡಿಸುವುದೂ ಅವನದೇ. ಅಜ್ಜಿಗೆ ನಾಲ್ಕು, ಐದನೆಯದಿಲ್ಲ. ಸಕ್ಕರೆ ಪವಾಡದಂತೆ ಇಳಿಯಲಿಲ್ಲ. ನಿಧಾನವಾಗಿ ಹತೋಟಿಗೆ ಬರುತ್ತಿದೆ. ಅದಕ್ಕಿಂತ ದೊಡ್ಡ ಲಾಭವೆಂದರೆ, ಅವರು ಏನು ತಿಂದರೆಂಬುದನ್ನು ನಮ್ಮ ಮುಂದೆ ಅಂಜಿಕೆಯಿಲ್ಲದೆ ಹೇಳುತ್ತಾರೆ. ರೋಗಿಯ ಸತ್ಯ ತಿಳಿಯದೆ ಬರೆದ ಚೀಟಿ ಅರ್ಧ ಚಿಕಿತ್ಸೆಯೂ ಅಲ್ಲ.

ಈಗ ನಮ್ಮ ಪಟ್ಟಿಯಲ್ಲಿ ‘ವರ್ಜ್ಯ’ ಎಂದು ಬರೆಯುವ ಮುನ್ನ ಒಂದು ಕ್ಷಣ ತಡೆಯುತ್ತೇವೆ. ಹೇಗೆ, ಎಷ್ಟು, ಯಾವಾಗ ಎಂಬ ಮೂರು ಮಾತುಗಳಿಗೆ ಚೀಟಿಯಲ್ಲಿ ಜಾಗವಿದೆಯೇ ಎಂದು ನೋಡುತ್ತೇವೆ.